ಖಾಲಿ ತವಾದ ಹೊಗೆ

ವರ್ದಿಯಾಳ ಅಡುಗೆಮನೆಯಲ್ಲಿ ಹೊಗೆ ಎದ್ದರೆ ಕೆಮ್ಮುವವರು ಮನುಷ್ಯರು, ಉಪಚಾರ ಹಕ್ಕಿಗೆ. ಅದು ಆ ಮನೆಯ ಪದ್ಧತಿ. ಕಿಟಕಿಯ ಕೊಕ್ಕೆಗೆ ತೂಗುಹಾಕಿದ ಪಂಜರದಲ್ಲಿ ಕೆಂಪು ಮೋರೆಯ, ರೆಕ್ಕೆಯಲ್ಲಿ ಹಳದಿ ಪಟ್ಟಿಯ ಮಕ್ನೀನ್ ಹಕ್ಕಿಯೊಂದಿತ್ತು. ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಜೀವ. ಅಲ್ಜಿಯರ್ಸಿನಲ್ಲಿ, ಅದರಲ್ಲೂ ನಮ್ಮ ಬಾಬ್ ಎಲ್ ಊದ್ ಕೇರಿಯಲ್ಲಿ, ಗಂಡಸರಿಗೆ ಈ ಹಕ್ಕಿಯ ಹುಚ್ಚು ಹಿಡಿದರೆ ಬಿಡುವುದಿಲ್ಲ. ಹೆಂಡತಿಯ ಜ್ವರಕ್ಕೆ ಮಾತ್ರೆ ತರಲು ಮರೆತವನು ಹಕ್ಕಿಯ ಕಾಳು ತರಲು ಮರೆಯುವುದಿಲ್ಲ. ವರ್ದಿಯಾಳ ಮಗ ಮುಲೂದ್ ಅಂಥವನೇ. ಬಂದರಿನಲ್ಲಿ ಕ್ರೇನ್ ನಡೆಸುವ ಆಳು, ಬಾಗಿಲಿನಷ್ಟು ಅಗಲ. ಹಕ್ಕಿಯ ಮುಂದೆ ಮಾತ್ರ ಅವನ ದನಿ ಬೆಣ್ಣೆಯಾಗುತ್ತಿತ್ತು. ಬೇಸಗೆಯ ಕೊನೆಗೆ ಕಾಫಿ ಅಂಗಡಿಯಲ್ಲಿ ನಡೆಯುವ ಹಾಡಿನ ಪಂದ್ಯಕ್ಕೆ ಅದನ್ನು ತಯಾರು ಮಾಡುತ್ತಿದ್ದ.

ಅವನ ಹೆಂಡತಿ ನಸೀಮಾ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ದಿನ ಮಧ್ಯಾಹ್ನ ಅವಳು ಬೂತಾಯಿ ಕರಿಯುತ್ತಿದ್ದಳು. ಬಾಣಲೆಯಿಂದ ನೀಲಿ ಹೊಗೆ ಎದ್ದಿತು. ಮುಲೂದ್ ಊಟದ ಮೇಜಿನಿಂದಲೇ ಗದರಿದ.

"ಮತ್ತೆ ಹೊಗೆ! ಇದೇನು ಅಡುಗೆಮನೇನೋ ರೈಲಿನ ಇಂಜಿನ್ನೋ? ಹಕ್ಕಿ ಗಂಟಲು ಹಾಳಾದ್ರೆ ನೀನು ಬಂದು ಹಾಡ್ತೀಯಾ ಅಲ್ಲಿ?"

"ಮೀನಿಗೆ ಹಿಟ್ಟು ಜಾಸ್ತಿ ಮೆತ್ತಿದೆ," ನಸೀಮಾ ಅಂದಳು. "ಉದುರಿದ ಹಿಟ್ಟೆಲ್ಲಾ ಎಣ್ಣೆ ತಳದಲ್ಲಿ ಸೀದು ಹೊಗೆ ಬರ್ತಿದೆ. ಕೊಡವಿ ಹಾಕ್ಬೇಕು. ಎಣ್ಣೇನೂ ಹಳೇದು, ಸೋಸಿಲ್ಲ."

"ಹಿಟ್ಟು ಮೆತ್ತಿದ್ದು ನಾನು," ಅತ್ತೆ ವರ್ದಿಯಾ ಮೂಲೆಯಿಂದ ಅಂದಳು. "ನೀನು ತೊಟ್ಟಿಲಲ್ಲಿದ್ದಾಗಿಂದ ಮೆತ್ತುತಾ ಇದೀನಿ. ಆಗ ಯಾರ ಗಂಟಲೂ ಹಾಳಾಗಿರ್ಲಿಲ್ಲ."

"ತಪ್ಪು ಅನ್ಲಿಲ್ಲ ಅತ್ತೆ. ಹೊಗೆ ಯಾಕೆ ಬಂತು ಅಂತ ಕೇಳಿದ್ರು, ಹೇಳಿದೆ."

ಮುಲೂದ್ ಎದ್ದ. "ಯಮ್ಮಾಗೆ ಎದುರು ಮಾತಾಡ್ತೀಯಾ?" ಎಂದವನೇ ಅವಳ ಕಪಾಳಕ್ಕೆ ಬಿಗಿದ. ಮೀನಿನ ತಟ್ಟೆ ಅವಳ ಕೈಯಿಂದ ಹಾರಿ ಗೋಡೆಗೆ ಬಡಿಯಿತು. ಮೊದಲ ಏಟೇನಲ್ಲ ಅದು. ಮಾವ ಸೀ ತಾಹರ್, ನಿವೃತ್ತನಾದ ಟ್ರಾಮ್ ಚಾಲಕ, ಬ್ರೆಡ್ಡಿನ ತುಂಡನ್ನು ಶೋರ್ಬಾ ಸಾರಿನಲ್ಲಿ ಅದ್ದಿದ್ದವನು ಹಾಗೇ ಹಿಡಿದುಕೊಂಡು ಕೂತ. "ಸಾಕು ಕಣೋ, ಊಟದ ಹೊತ್ತು" ಎಂದ. ಊಟದ ಹೊತ್ತಲ್ಲದಿದ್ದರೆ ಪರವಾಗಿಲ್ಲವೇನೋ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ನಸೀಮಾ ಕೂತು ಮೀನುಗಳನ್ನು ಒಂದೊಂದಾಗಿ ಹೆಕ್ಕಿದಳು.

ಆಮೇಲೆ ಅವಳು ಹೊಗೆಯ ಹಿಂದೆ ಬಿದ್ದಳು. ಹೊಗೆ ಇಲ್ಲದಿದ್ದರೆ ಹೊಡೆತ ಇರುವುದಿಲ್ಲ ಎಂದು ಅವಳ ಲೆಕ್ಕ. ಗ್ಯಾಸ್ ಒಲೆಯ ಬರ್ನರ್ ಬಿಚ್ಚಿ ತೂತುಗಳನ್ನು ಸೂಜಿಯಿಂದ ಬಿಡಿಸಿದಳು. ಪಾತ್ರೆಗಳ ಹೊಟ್ಟೆಯಡಿ ವರ್ಷಗಳಿಂದ ಸೋರಿ ಅಂಟಿದ್ದ ಎಣ್ಣೆಯ ಕರಿಯನ್ನು ವಿನೆಗರ್ ಹಾಕಿ, ಕಬ್ಬಿಣದ ನಾರಿನಿಂದ ಉಜ್ಜಿ ತೆಗೆದಳು. ಆ ಕರಿಯೇ ಉರಿ ತಾಕಿದಾಗಲೆಲ್ಲ ಹೊಗೆಯಾಗುವುದು ಎಂದು ಅವಳಿಗೆ ಗೊತ್ತಿತ್ತು. ತೊಳೆದ ಪಾತ್ರೆಯನ್ನು ಒರೆಸದೆ ಒಲೆಗೆ ಏರಿಸುತ್ತಿರಲಿಲ್ಲ. ಎಣ್ಣೆ ಸೋಸುತ್ತಿದ್ದಳು, ಉರಿ ತಗ್ಗಿಸುತ್ತಿದ್ದಳು. ಉಗುರುಗಳು ಸವೆದವು. ಕೆಲವು ವಾರ ಅವಳ ಅಡುಗೆಯಿಂದ ಹೊಗೆ ಏಳಲಿಲ್ಲ.

ಒಂದು ಹೊಗೆ ಮಾತ್ರ ಅವಳ ಕೈಗೆ ಸಿಗಲಿಲ್ಲ. ಅದು ಅತ್ತೆಯ ಮಣ್ಣಿನ ಹೆಂಚಿನದು. ವರ್ದಿಯಾ ದಿನಾ ಬೆಳಿಗ್ಗೆ, ಮುಲೂದ್ ಬಂದರಿಗೆ ಹೋದ ಮೇಲೆ, ರವೆ ಕಲಸಿ ಕೆಸ್ರಾ ರೊಟ್ಟಿ ತಟ್ಟುತ್ತಿದ್ದಳು. ಬೇಕರಿಯ ಬ್ರೆಡ್ಡು ಮಧ್ಯಾಹ್ನಕ್ಕೆ, ಬೆಳಗಿನ ಹಾಲುಕಾಫಿಗೆ ಕೆಸ್ರಾ ಇಲ್ಲದಿದ್ದರೆ ಸೀ ತಾಹರ್‌ಗೆ ದಿನವೇ ಶುರುವಾಗುತ್ತಿರಲಿಲ್ಲ. ಹೆಂಚನ್ನು ಖಾಲಿಯಾಗಿ ದೊಡ್ಡ ಉರಿಯ ಮೇಲಿಟ್ಟು ಕಾಯಬೇಕು. ಹಿಂದಿನ ದಿನದ ರವೆ, ಎಣ್ಣೆಯ ಪಸೆ ಎಲ್ಲ ಸುಟ್ಟು ಹೊಗೆ ಏಳುತ್ತದೆ. ಆ ಹೊಗೆ ತಾನಾಗಿ ನಿಂತಾಗ ಹೆಂಚು ಹದಕ್ಕೆ ಬಂತೆಂದು ಅರ್ಥ.

"ಹೊಗೆ ಬಂದು ನಿಲ್ಬೇಕು, ಆಮೇಲೆ ರೊಟ್ಟಿ," ಎನ್ನುತ್ತಿದ್ದಳು ವರ್ದಿಯಾ. "ನಮ್ಮಮ್ಮ ಕಲಿಸಿದ್ದು. ತಣ್ಣನೆ ಹೆಂಚಿಗೆ ರೊಟ್ಟಿ ಹಾಕೋಳು ಹೆಂಗಸೇ ಅಲ್ಲ."

ಒಂದು ಬೆಳಿಗ್ಗೆ ಮುಲೂದ್‌ಗೆ ರಜೆ. ಅವನು ಪಂಜರದ ಮುಂದೆ ಫೋನು ಹಿಡಿದು, ಹೆಸರುವಾಸಿ ಹಕ್ಕಿಯೊಂದರ ಹಾಡನ್ನು ತನ್ನದಕ್ಕೆ ಕೇಳಿಸುತ್ತಿದ್ದ. ಹಕ್ಕಿ ಬಾಯಿ ಬಿಡುವ ಹೊತ್ತಿಗೆ ಹೆಂಚು ಹೊಗೆ ಬಿಟ್ಟಿತು. ಹಕ್ಕಿ ಸುಮ್ಮನಾಯಿತು. ಮುಲೂದ್ ಮಸಿಬಟ್ಟೆಯಲ್ಲಿ ಕಾದ ಹೆಂಚನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಒಂದು ಚೂರು ಹಾರಿ ನಸೀಮಾಳ ಪಾದ ಸೀಳಿತು.

"ನನ್ನ ಹೆಂಚು!" ವರ್ದಿಯಾ ಕೂಗಿಕೊಂಡಳು.

"ನಿನಗಲ್ಲ ಯಮ್ಮಾ ಹೇಳ್ತಿರೋದು," ಮುಲೂದ್ ದನಿ ತಗ್ಗಿಸಿದ. ಹೆಂಡತಿಯ ಕಡೆ ತಿರುಗಿದ. "ನಿಂಗೆ ಕಣ್ಣಿಲ್ವಾ? ಯಮ್ಮಾಗೆ ವಯಸ್ಸಾಗಿದೆ. ಪಂಜರ ಆಚೆ ಇಡೋಕೆ ನಿನ್ನ ಕೈಗೇನು ರೋಗ?"

"ಪಂಜರ ಮುಟ್ಟಿದ್ರೆ ಬೆರಳು ಮುರೀತೀನಿ ಅಂದೋನು ನೀನೇ."

ಅದಕ್ಕೆ ಇನ್ನೊಂದು ಏಟು ಬಿತ್ತು. ಪಾದದ ರಕ್ತ ಅಡುಗೆಮನೆಯಿಂದ ಬಚ್ಚಲವರೆಗೆ ಬೊಟ್ಟು ಬೊಟ್ಟಾಗಿ ಹೋಯಿತು. ಅದನ್ನೂ ಅವಳೇ ಒರೆಸಿದಳು.

ಮಣ್ಣಿನ ಹೆಂಚು ಮಾಡುವ ಹೆಂಗಸು ಬೆಟ್ಟದ ಊರಿಂದ ಸಂತೆಗೆ ಬರಬೇಕು. ಅಲ್ಲಿಯವರೆಗೆ ರೊಟ್ಟಿ ಇಲ್ಲ. ಸೀ ತಾಹರ್ ಬೇಕರಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ, "ಹತ್ತಿ ತಿಂದ ಹಾಗಿದೆ" ಎಂದು ಗೊಣಗಿದ. ವರ್ದಿಯಾಳ ಕಣ್ಣು ಗೋಡೆಯ ಮೊಳೆಗೆ ತೂಗಿದ್ದ ನಾನ್‌ಸ್ಟಿಕ್ ತವಾದ ಮೇಲೆ ಬಿತ್ತು. ನಸೀಮಾ ತವರಿಂದ ತಂದದ್ದು, ಕರ್ರಗೆ, ಅಗಲವಾಗಿ, ಹೆಂಚಿನಷ್ಟೇ ದೊಡ್ಡದು.

"ಇದರಲ್ಲಿ ತಟ್ಟಿದ್ರಾಯ್ತು," ಅಂದಳು.

"ತಟ್ಟಬಹುದು ಅತ್ತೆ. ಆದ್ರೆ ಇದನ್ನ ಖಾಲಿ ಕಾಯಿಸಬಾರದು. ಉರಿ ಸಣ್ಣಗಿರ್ಬೇಕು, ಒಂದು ಹನಿ ಎಣ್ಣೆ ಸವರಿ ಆಗಲೇ ರೊಟ್ಟಿ ಹಾಕ್ಬೇಕು. ಜಾಸ್ತಿ ಕಾದ್ರೆ ಇದರ ಮೇಲಿನ ಲೇಪಾನೇ ಹೊಗೆಯಾಗುತ್ತೆ. ವಿಷದ ಹೊಗೆ ಅದು. ಪೆಟ್ಟಿಗೆ ಮೇಲೇ ಬರೆದಿತ್ತು."

"ಪೆಟ್ಟಿಗೆ ಓದಿ ಅಡುಗೆ ಕಲಿತೋಳು ನನಗೆ ರೊಟ್ಟಿ ಕಲಿಸ್ತಾಳೆ!" ವರ್ದಿಯಾ ಗಂಡನ ಕಡೆ ನೋಡಿ ನಕ್ಕಳು. "ಹೊಗೇಲಿ ವಿಷದ್ದು, ಅಮೃತದ್ದು ಅಂತ ಬೇರೆ ಇದೆಯಂತೆ."

ನಸೀಮಾ ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕಟ್ಟಡದ ಮಾಳಿಗೆಯ ಮೇಲೆ, ಅಲ್ಲಿನ ತೊಟ್ಟಿಯ ನೀರಲ್ಲಿ, ಬಟ್ಟೆ ಒಗೆದು ಹರವಲು ಅವರ ಮನೆಯ ಸರದಿ. ಅವಳು ಬುಟ್ಟಿ ಹೊತ್ತು ಮೇಲೆ ಹೋದಳು. ಮುಲೂದ್ ಆಗಲೇ ಬಂದರಿಗೆ ಹೋಗಿದ್ದ. ವರ್ದಿಯಾ ಹಿಟ್ಟು ನಾದಿ, ಕರಿ ತವಾವನ್ನು ದೊಡ್ಡ ಒಲೆಯ ಮೇಲಿಟ್ಟು, ಉರಿಯನ್ನು ಪೂರ್ತಿ ತಿರುಗಿಸಿದಳು. ಹೊಗೆ ಬಂದು ನಿಲ್ಲಲಿ ಎಂದು ಕಾಯುತ್ತಾ ನಿಂತಳು. ಅಷ್ಟರಲ್ಲಿ ಬಚ್ಚಲ ನಲ್ಲಿ ಗೊರ್ ಎಂದಿತು. ಆ ವರ್ಷ ನಮ್ಮ ಕೇರಿಗೆ ನೀರು ಬರುತ್ತಿದ್ದುದು ಅದಕ್ಕೆ ಮನಸ್ಸು ಬಂದಾಗ. ನಲ್ಲಿ ಗೊರ್ ಎಂದರೆ ಹೆಣ ಬಿಟ್ಟಾದರೂ ಎದ್ದು ಹೋಗುವ ಕಾಲ. ವರ್ದಿಯಾ ಓಡಿದಳು. ಡ್ರಮ್ಮು ತುಂಬಿಸಿದಳು, ಕ್ಯಾನು ತುಂಬಿಸಿದಳು, ಕೊಡ, ಬೋಗುಣಿ, ಕೊನೆಗೆ ಕಾಫಿ ಪಾತ್ರೆ ಕೂಡ ತುಂಬಿಸಿದಳು.

ವಾಪಸು ಬಂದಾಗ ಹೊಗೆ ಬಂದಿತ್ತು, ನಿಂತಿರಲಿಲ್ಲ. ತೆಳ್ಳಗೆ, ಬೆಳ್ಳಗೆ, ಮೂಗಿಗೆ ಪ್ಲಾಸ್ಟಿಕ್ ಸುಟ್ಟಂಥ ವಾಸನೆ. ಅವಳ ಗಂಟಲು ಕಟ್ಟಿತು. ಇನ್ನೇನು ನಿಲ್ಲುತ್ತದೆ ಎಂದು ಒಂದು ಗಳಿಗೆ ಕಾದಳು. ನಿಲ್ಲುವ ಹೊಗೆಯಲ್ಲ ಅದು. ಆಗ ಕಿಟಕಿಯ ಕಡೆ ನೋಡಿದಳು. ಮಕ್ನೀನ್ ಪಂಜರದ ತಳದಲ್ಲಿ ಬಿದ್ದಿತ್ತು, ಕಾಲು ಮೇಲೆ ಮಾಡಿ.

ಅವಳು ಒಲೆ ಆರಿಸಿದಳು. ಕಿಟಕಿ ತೆರೆದಳು. ತವಾವನ್ನು ತೊಳೆಯುವ ತೊಟ್ಟಿಯಲ್ಲಿಟ್ಟು ಮೇಲೆ ನೀರು ಬಿಟ್ಟಳು. ನಾದಿದ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ಕಸದ ಬುಟ್ಟಿಯ ಅಡಿಗೆ ತುರುಕಿದಳು. ಆಮೇಲೆ ಹೋಗಿ ತುಂಬಿದ ಡ್ರಮ್ಮಿನ ಪಕ್ಕ ಕೂತಳು.

ಮುಲೂದ್ ಮಧ್ಯಾಹ್ನ ಬಂದ. ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಊದಿದ, ಕೊಕ್ಕಿಗೆ ನೀರು ಬಿಟ್ಟ, ಹೆಸರು ಹಿಡಿದು ಕರೆದ. ಅವನು ತೊಟ್ಟಿಯಲ್ಲಿದ್ದ ತವಾ ಎತ್ತಿ ಮೂಸಿದ.

"ಯಾರು ಒಲೆ ಹಚ್ಚಿದ್ದು?"

"ನಾನು ಮಾಳಿಗೆ ಮೇಲಿದ್ದೆ," ನಸೀಮಾ ಅಂದಳು. "ಬಟ್ಟೆ ಒಗೀತಾ ಇದ್ದೆ. ಕೆಳಗೆ ಬಂದಾಗ—"

"ಯಮ್ಮಾ, ನೀನು ಎಲ್ಲಿದ್ದೆ?"

"ನಾನು ನೀರು ತುಂಬ್ತಿದ್ದೆ, ಮಗಾ," ವರ್ದಿಯಾ ಅಂದಳು. ಅದು ಸುಳ್ಳೂ ಅಲ್ಲ, ಅದಕ್ಕಿಂತ ದೊಡ್ಡ ಸುಳ್ಳೂ ಇಲ್ಲ.

ಮುಲೂದ್ ತವಾದ ಹಿಡಿಯನ್ನು ಬಿಡಲೇ ಇಲ್ಲ. ಮೊದಲ ಹೊಡೆತ ನಸೀಮಾಳ ಭುಜಕ್ಕೆ ಬಿತ್ತು. ಎರಡನೆಯದನ್ನು ತಡೆಯಲು ಅವಳು ಎಡಗೈ ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ಪಕ್ಕದ ಕೋಣೆಯಲ್ಲಿದ್ದ ಸೀ ತಾಹರ್‌ಗೂ ಕೇಳಿಸಿತು. ಅವನು ಬಂದು ಮಗನ ಸೊಂಟ ಹಿಡಿದ. ಮುಲೂದ್ ಅವನನ್ನು ಕೊಡವಿದ, ಮುದುಕ ಬಾಗಿಲ ಚೌಕಟ್ಟಿಗೆ ಬಡಿದು ಕುಸಿದ. ನಸೀಮಾ ಕೂದಲು ಹಿಡಿಸಿಕೊಂಡು ನೆಲದಲ್ಲಿ ಎಳೆಸಿಕೊಂಡು ಹೋಗುತ್ತಾ ಕೂಗಿದಳು: "ಅತ್ತೆ, ಹೇಳಿ! ನಾನು ಮೇಲಿದ್ದೆ ಅಂತ ಹೇಳಿ!" ವರ್ದಿಯಾ ತಲೆಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಆಸ್ಪತ್ರೆಗೆ ಕರೆದುಕೊಂಡು ಹೋದವಳು ವರ್ದಿಯಾಳೇ. ಹೇಗೆ ಮುರಿಯಿತೆಂದು ಡಾಕ್ಟರು ಕೇಳಿದರು. "ಮೆಟ್ಟಿಲಲ್ಲಿ ಬಿದ್ದಳು, ಬಟ್ಟೆ ಬುಟ್ಟಿ ಹೊತ್ತಿದ್ದಳು," ಎಂದು ವರ್ದಿಯಾ ಉತ್ತರ ಕೊಟ್ಟಳು. ನಸೀಮಾ ಅತ್ತೆಯ ಮುಖವನ್ನೇ ನೋಡಿದಳು. ಅಲ್ಲಿಂದ ನೇರ ತವರಿಗೆ ಹೋದಳು.

ನಾಲ್ಕು ದಿನ ಬಿಟ್ಟು ಅವಳ ಅಣ್ಣ ಜಲ್ಲೂಲ್ ಬಂದ. ಮಾತಾಡಲು ಬಂದವನಲ್ಲ ಎನ್ನುವುದು ಅವನು ಅಂಗಿಯ ತೋಳು ಮಡಚಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮೆಟ್ಟಿಲಲ್ಲೇ ಮುಲೂದ್ ಸಿಕ್ಕ, ಇಬ್ಬರೂ ಹಿಡಿದುಕೊಂಡರು.

"ಹಕ್ಕಿಗೋಸ್ಕರ ನನ್ನ ತಂಗಿ ಕೈ ಮುರೀತೀಯೇನೋ?"

"ನಿನ್ನ ತಂಗಿ ಬೇಕಂತಲೇ ಕೊಂದಿದ್ದು! ನನ್ನ ಮೇಲಿನ ಸಿಟ್ಟಿಗೆ!"

ಮುಲೂದ್‌ನ ಮುಂದಿನ ಹಲ್ಲೊಂದು ಮೂರನೇ ಮಹಡಿಯಲ್ಲಿ ಬಿತ್ತು, ಜಲ್ಲೂಲ್‌ನ ಹುಬ್ಬು ಎರಡನೆಯದರಲ್ಲಿ ಒಡೆಯಿತು. ಅಕ್ಕಪಕ್ಕದವರು ಬಿಡಿಸಿದರು. ಬಿಡಿಸಿದ ಮೇಲೆ ಇಬ್ಬರಿಗೂ ನಿಂಬೆ ಶರಬತ್ತು ಕೊಟ್ಟರು. ಗಂಡಸರ ಜಗಳಕ್ಕೆ ನಮ್ಮಲ್ಲಿ ಶರಬತ್ತು ಯಾವಾಗಲೂ ತಯಾರಿರುತ್ತದೆ.

ಸೊಸೆ ಇಲ್ಲದ ಮನೆಯಲ್ಲಿ ಅಡುಗೆಯೆಲ್ಲ ವರ್ದಿಯಾಳ ಮೇಲೆ ಬಿತ್ತು. ಹೊಸ ಹೆಂಚು ಬಂತು. ಕೆಸ್ರಾ ತಟ್ಟಿ ಗಂಡನ ಮುಂದಿಟ್ಟಳು. ಸೀ ತಾಹರ್ ಮುರಿಯಲಿಲ್ಲ.

"ತಿನ್ನು. ಬೇಕರಿ ಬ್ರೆಡ್ಡು ಹತ್ತಿ ತಿಂದ ಹಾಗಿದೆ ಅಂತಿದ್ದೆಯಲ್ಲ."

"ಅವತ್ತು ಹೊಗೆ ವಾಸನೆ ನನ್ನ ಕೋಣೆಗೂ ಬಂದಿತ್ತು," ಸೀ ತಾಹರ್ ಅಂದ. "ಆಗ ನಸೀಮಾ ಮೇಲೆ ಬಟ್ಟೆ ಬಡೀತಿದ್ಲು. ಸದ್ದು ಕೇಳ್ತಿತ್ತು."

ವರ್ದಿಯಾ ಕೂತುಬಿಟ್ಟಳು. "ಹೆಂಚಿನ ಹಾಗೇ ಕಾಯಿಸಿದೆ. ನಿಲ್ಲುತ್ತೆ ಅಂದ್ಕೊಂಡೆ."

"ಅದನ್ನ ಅವನಿಗೆ ಹೇಳು."

"ಹೇಳಿದ್ರೆ? ಅವನು ನನ್ನ ಮೇಲೆ ಕೈ ಎತ್ತಿದ್ರೆ? ಹೆತ್ತ ಮಗ ಹೊಡೆದ ಅಂತ ಆದ್ಮೇಲೆ ನಾನು ಯಾವ ಮುಖ ಇಟ್ಕೊಂಡು ನಾಲ್ಕು ಹೆಂಗಸರ ಎದುರು ಮಾಳಿಗೆ ಹತ್ತಲಿ?"

"ಅವಳು ಯಾವ ಮುಖ ಇಟ್ಕೊಂಡು ಹತ್ತುತಿದ್ಲು?"

"ನಿನಗೆ ಅಷ್ಟು ಗೊತ್ತಿದ್ರೆ ನೀನೇ ಹೇಳು!"

ಸೀ ತಾಹರ್ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನೂ ಹೇಳಲಿಲ್ಲ. ಹೆದರಿಕೆ ಆ ಮನೆಯಲ್ಲಿ ಸಮಪಾಲಾಗಿ ಹಂಚಿಕೆಯಾಗಿತ್ತು.

ತವರಿನವರು ಎಷ್ಟು ದಿನ ಇಟ್ಟುಕೊಂಡಾರು? ಜಲ್ಲೂಲ್‌ಗೆ ಸಿಟ್ಟು ಇತ್ತು, ಜಾಗ ಇರಲಿಲ್ಲ. ಹಿರಿಯರು ಕೂತರು, ಕಾಫಿ ಕುಡಿದರು, ಮುಲೂದ್ ಇನ್ನು ಅವಳ ಮೇಲೆ ಕೈ ಎತ್ತುವುದಿಲ್ಲ ಎಂದ. ನಸೀಮಾ ಹಕ್ಕಿಯ ವಿಷಯದಲ್ಲಿ ತಪ್ಪಾಯಿತು ಎನ್ನಬೇಕೆಂದು ಷರತ್ತು ಹಾಕಿದ. "ನಾನು ಮಾಡಿಲ್ಲ" ಎಂದು ಅವಳು ಎಲ್ಲರೆದುರು ಹೇಳಿದಳು. "ಹೇಳ್ಬಿಡು ಮಗಳೇ, ಬಾಯಿ ಮಾತು ತಾನೆ," ಎಂದಳು ಅವಳ ತಾಯಿ. ನಸೀಮಾ ಹೇಳಿದಳು. ಮಾಡದ ತಪ್ಪನ್ನು ಒಪ್ಪಿಸುವುದಕ್ಕೆ ಅಷ್ಟು ಜನ ಗಡ್ಡದವರು ಬೇಕಾದರು.

ಪ್ಲಾಸ್ಟರ್ ಹಾಕಿದ ಕೈಯಲ್ಲಿ ಅವಳು ಮನೆಗೆ ಬಂದಾಗ ಕಿಟಕಿಯಲ್ಲಿ ಹೊಸ ಹಕ್ಕಿ ತೂಗುತ್ತಿತ್ತು. ಒಂದು ವಾರ ಮುಲೂದ್ ಮಾತಿಗೆ ನಿಂತ. ಎರಡನೇ ವಾರ ಗ್ಲಾಸು ಒಡೆದ. ಆ ಗುರುವಾರ ನಸೀಮಾ ಒಂದೇ ಕೈಯಲ್ಲಿ ದೊಣ್ಣೆಮೆಣಸಿನಕಾಯಿಗಳನ್ನು ಉರಿಯ ಮೇಲೆ ಹೊರಳಿಸಿ ಸುಡುತ್ತಿದ್ದಳು. ಹಮೀಸ್ ಗೊಜ್ಜಿಗೆ ಸಿಪ್ಪೆ ಕರಿಯಾಗುವವರೆಗೆ ಸುಡಲೇಬೇಕು, ಸುಟ್ಟರೆ ಹೊಗೆ ಬರಲೇಬೇಕು. ಅದಕ್ಕೇ ಮೊದಲೇ ಕಿಟಕಿ ತೆರೆದು, ಪಂಜರವನ್ನು ಮಾವನ ಕೋಣೆಯಲ್ಲಿಡಿ ಎಂದು ವರ್ದಿಯಾಳಿಗೆ ಹೇಳಿ ಇಡಿಸಿದ್ದಳು. ಮುಲೂದ್ ಒಳಗೆ ಬಂದವನು ಕೊಕ್ಕೆ ಖಾಲಿ ಇದ್ದುದನ್ನು ನೋಡಿದ, ಹೊಗೆಯನ್ನು ನೋಡಿದ.

"ಇದನ್ನೂ ಕೊಂದ್ಯಾ?"

"ಮಾವನ ಕೋಣೇಲಿದೆ. ಹೋಗಿ ನೋಡು."

ಅವನು ನೋಡಲು ಹೋಗಲಿಲ್ಲ. ಅವಳ ಒಳ್ಳೆಯ ಕೈಯ ಮಣಿಕಟ್ಟು ಹಿಡಿದು ಉರಿಯ ಕಡೆ ಎಳೆದ. "ಬೆಂಕಿ ಅಂದ್ರೆ ಏನು ಅಂತ ನಿಂಗೆ ಗೊತ್ತಾಗ್ಬೇಕು. ಆಗ ಸರಿ ಹೋಗ್ತೀಯಾ." ನಸೀಮಾ ಕಿರುಚಿದಳು. ಬೆರಳ ತುದಿಯ ಚರ್ಮ ಬಿಳುಚಿ ಉಬ್ಬಿತು. ವರ್ದಿಯಾ ಮಗನ ಬೆನ್ನಿಗೆ ಎರಡೂ ಕೈಯಿಂದ ಗುದ್ದತೊಡಗಿದಳು.

"ಬಿಡೋ! ಬಿಡು ಅವಳನ್ನ! ನಾನೋ, ನಾನು! ಆ ತವಾ ಕಾಯಿಸಿದ್ದು ನಾನು! ರೊಟ್ಟಿಗೆ ಖಾಲಿ ಕಾಯೋಕೆ ಇಟ್ಟು ನೀರಿಗೆ ಹೋದೆ. ಹಕ್ಕಿ ಕೊಂದಿದ್ದು ನಾನು. ಹೊಡಿ ನನ್ನ!"

ಮುಲೂದ್‌ನ ಕೈ ಸಡಿಲಿತು. ಅವನು ತಿರುಗಿ ತಾಯಿಯನ್ನು ನೋಡಿದ. ವರ್ದಿಯಾ ಕಣ್ಣು ಮುಚ್ಚಿ, ಮುಖ ಮುಂದೆ ಮಾಡಿ ಏಟಿಗೆ ಕಾದು ನಿಂತಿದ್ದಳು, ಅಳುತ್ತಾ. ಅವನು ಬಗ್ಗಿ ಅವಳ ನೆತ್ತಿಗೆ ಮುತ್ತಿಟ್ಟ.

"ಅಯ್ಯೋ ಯಮ್ಮಾ, ಇಷ್ಟಕ್ಕೆ ಅಳ್ತಾರಾ? ಹೋಗ್ಲಿ ಬಿಡು. ಒಂದು ಹಕ್ಕಿ ತಾನೆ."

ಒಲೆ ಇನ್ನೂ ಉರಿಯುತ್ತಿತ್ತು. ನಸೀಮಾ ಸುಟ್ಟ ಬೆರಳುಗಳನ್ನು ಬಾಯಿಂದ ತೆಗೆದಳು.

"ಇನ್ನೊಂದ್ಸಲ ಹೇಳು," ಅಂದಳು.

"ಏನನ್ನ?"

"ಒಂದು ಹಕ್ಕಿ ತಾನೆ ಅಂದ್ಯಲ್ಲ. ನನ್ನ ಮುಖ ನೋಡಿ ಹೇಳು."

"ನೀನು ಒಳಗೆ ಹೋಗು. ಇದು ನನಗೂ ನಮ್ಮಮ್ಮನಿಗೂ ಇರೋದು."

"ಮುರಿದಿದ್ದು ನನ್ನ ಕೈ. ಒಂದು ಹಕ್ಕಿ ತಾನೆ ಅಂತ ಹೇಳು ನನಗೆ!"

ಮುಲೂದ್‌ನ ಕೈ ಮೇಲೆದ್ದಿತು. ವರ್ದಿಯಾ ಯೋಚಿಸಲಿಲ್ಲ, ನಡುವೆ ನುಗ್ಗಿದಳು. ಸೊಸೆಯ ಕಪಾಳಕ್ಕೆ ಬರುತ್ತಿದ್ದ ಏಟು ತಾಯಿಯ ಬಾಯಿಗೆ ಬಿತ್ತು. ಅವಳು ಒಲೆಕಟ್ಟೆಗೆ ತಾಕಿ ನೆಲಕ್ಕೆ ಕೂತಳು. ತುಟಿಯಿಂದ ರಕ್ತ ಗಲ್ಲಕ್ಕೆ, ಗಲ್ಲದಿಂದ ಎದೆಯ ಬಟ್ಟೆಗೆ ಇಳಿಯಿತು. ಸೀ ತಾಹರ್ ಬಾಗಿಲಲ್ಲಿ ಬಂದು ನಿಂತ.

ಆ ಬಾಗಿಲಗಲದ ಗಂಡಸು ಮಂಡಿಯೂರಿ ಕುಸಿದ. ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ತಾಯಿಯ ಪಾದ ಹಿಡಿದು ಮಗುವಿನಂತೆ ಅತ್ತ. "ಯಮ್ಮಾ ಕ್ಷಮಿಸು, ಯಮ್ಮಾ, ನನ್ನ ಕೈ ಬಿದ್ದು ಹೋಗ್ಲಿ, ನರಕಕ್ಕೆ ಹೋಗ್ತೀನಿ ನಾನು, ಕ್ಷಮಿಸ್ದೆ ಅನ್ನು, ಒಂದ್ಸಲ ಅನ್ನು—"

"ನನ್ನನ್ನಲ್ಲ," ವರ್ದಿಯಾ ಅಂದಳು. ಮಾತಿನ ಜೊತೆ ರಕ್ತ ಹೊರಬಂತು. "ಅವಳನ್ನ ಕೇಳು."

ಮುಲೂದ್ ಅಳು ನಿಲ್ಲಿಸಿದ. ತಲೆ ಎತ್ತಿ ಹೆಂಡತಿಯನ್ನು ನೋಡಿದ. ಎಲ್ಲರೂ ಕಾದರು. ನಸೀಮಾಳೂ ಕಾದಳು; ಆಗಲೂ ಅವಳು ಕಾದಳು ಎನ್ನುವುದೇ ನನಗೆ ಸಂಕಟ.

"ಅವಳೂ ಬಾಯಿ ಮುಚ್ಕೊಂಡಿರ್ಬೇಕಿತ್ತು," ಎಂದ ಮುಲೂದ್.

ಸೀ ತಾಹರ್ ಗೋಡೆಯ ಗೂಟದಿಂದ ನಸೀಮಾಳ ಮೇಲಂಗಿ ತೆಗೆದ. ಅವಳ ಪ್ಲಾಸ್ಟರ್ ಕೈಗೆ ನೋವಾಗದಂತೆ ಹೆಗಲಿಗೆ ಹೊದಿಸಿದ.

"ನಡಿ ಮಗಳೇ, ಪೊಲೀಸ್ ಠಾಣೆಗೆ. ನೀನು ಮೆಟ್ಟಿಲಲ್ಲಿ ಬಿದ್ದಿಲ್ಲ ಅಂತ ನಾನು ಹೇಳ್ತೀನಿ."

"ಬಾಬಾ!" ಮುಲೂದ್ ಕೂಗಿದ. ಮುದುಕ ಅವನ ಕಡೆ ತಿರುಗಲಿಲ್ಲ.

ವರ್ದಿಯಾ ಒಲೆಕಟ್ಟೆ ಹಿಡಿದು ಎದ್ದಳು. "ತಡೀರಿ, ನಾನೂ ಬರ್ತೀನಿ. ಬಾಯಿ ತೊಳ್ಕೊಂಡು ಬರ್ತೀನಿ."

ನಸೀಮಾ ಬಾಗಿಲಲ್ಲಿ ನಿಂತಳು.

"ತೊಳೀಬೇಡಿ ಅತ್ತೆ," ಅಂದಳು. "ಹಾಗೇ ಬನ್ನಿ."